ಶವಪೆಟ್ಟಿಗೆಗಿಂತ ಮೊದಲು ಬರಬೇಕಾದ ಧರ್ಮಗುರು

ಸೇನೆಯ ಪಂಡಿತರೋ ಮೌಲ್ವಿಯೋ ಪಾದ್ರಿಯೋ ನಮ್ಮ ಕಡೆಯ ಹಳ್ಳಿಗೆ ಕಾಲಿಡುವುದು ಬಹುಮಟ್ಟಿಗೆ ಒಂದೇ ಕಾರಣಕ್ಕೆ: ತ್ರಿವರ್ಣ ಹೊದಿಸಿದ ಪೆಟ್ಟಿಗೆಯ ಹಿಂದೆ. ಅದೂ ಬಂದರೆ. ಎಷ್ಟೋ ಸಲ ಬರುವುದು ಒಬ್ಬ ಅಧಿಕಾರಿ, ಒಂದು ತುಕಡಿ ಜವಾನರು, ಒಬ್ಬ ಬ್ಯೂಗಲ್ ಊದುವವನು, ಇಷ್ಟೇ. ಆ ಹೊತ್ತಿಗೆ ಊರಿನಲ್ಲಿ ದಾಸಯ್ಯ ಶಂಖ ಜಾಗಟೆ ಹಿಡಿದು ಕಾಯುತ್ತಿರುತ್ತಾನೆ. ಇಲ್ಲವೇ ಮಸೀದಿಯ ಹಜರತ್ ಜನಾಜಾ ನಮಾಜಿಗೆ ಹೊತ್ತು ಗೊತ್ತುಮಾಡಿರುತ್ತಾರೆ. ಇಲ್ಲವೇ ಐನೋರು ಬಂದು ಗುಂಡಿಯ ಅಳತೆ ಹೇಳಿ ಹೋಗಿರುತ್ತಾರೆ. ಎರಡೂ ಕಡೆ ಧರ್ಮ ತಿಳಿದವರೇ, ಆದರೆ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲ. ಸುತ್ತ ಸಾವಿರಾರು ಜನ, ಟಿವಿ ಕ್ಯಾಮೆರಾ, ಹಾರ ಹಿಡಿದು ಸಾಲಾಗಿ ನಿಂತ ಮುಖಂಡರು. ಅಲ್ಲಿ ಆಗುವ ಎಡವಟ್ಟುಗಳ ಬೇರು ಆ ದಿನದಲ್ಲಿರುವುದಿಲ್ಲ. ವರ್ಷದ ಹಿಂದೆ ಆಗಬೇಕಿದ್ದ ಒಂದು ಪರಿಚಯ ಆಗದೆ ಉಳಿದದ್ದರಲ್ಲಿ ಇರುತ್ತದೆ.

ಆ ಪರಿಚಯ ಹೇಗೆ ಮಾಡಿಕೊಳ್ಳಬೇಕು, ಯಾರ ಜೊತೆ, ಎಲ್ಲಿ ಕೆಡುತ್ತದೆ ಎಂಬುದನ್ನು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ನೆಲದ ಮೇಲೆ ಇಟ್ಟು ನೋಡುವ ಪ್ರಯತ್ನ ಇದು. ಈ ಮೂರು ಜಿಲ್ಲೆಗಳಲ್ಲಿ ದೊಡ್ಡ ದಂಡುಪ್ರದೇಶ ಇಲ್ಲ. ಆದರೆ ಸೇನೆಯ ಇಂಜಿನಿಯರುಗಳ ಎಂಇಜಿ, ಸರಬರಾಜು ವಿಭಾಗವಾದ ಎಎಸ್‌ಸಿ, ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಎಲ್ಲವೂ ಬೆಂಗಳೂರಿನಲ್ಲಿವೆ. ಅಲ್ಲಿಂದ ಮೂರೂ ಜಿಲ್ಲಾ ಕೇಂದ್ರಗಳು ಅರವತ್ತು ಎಪ್ಪತ್ತು ಕಿಲೋಮೀಟರ್ ಆಸುಪಾಸು. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ವಾಪಸ್ ಬರಬಹುದಾದ ದೂರ. ದೂರದ ನೆಪ ಹೇಳುವಂತಿಲ್ಲ, ಪಾವಗಡದ ಮಾತು ಬೇರೆ.

ಭಾರತೀಯ ಸೇನೆಯಲ್ಲಿ ಈ ಹುದ್ದೆಗೆ ಧಾರ್ಮಿಕ ಶಿಕ್ಷಕ ಎಂದು ಹೆಸರು. ಸೇರುವಾಗಲೇ ನಾಯಬ್ ಸುಬೇದಾರ್ ದರ್ಜೆ. ಪಂಡಿತರು, ಗೋರ್ಖಾ ಪಲ್ಟಣಗಳಿಗೆ ಪ್ರತ್ಯೇಕ ಪಂಡಿತರು, ಸಿಖ್ಖರ ಗುರುವಾದ ಗ್ರಂಥಿ, ಸುನ್ನಿ ಮೌಲ್ವಿ, ಪಾದ್ರಿ, ಲಡಾಖ್ ಸ್ಕೌಟ್ಸ್ ರೆಜಿಮೆಂಟಿಗಾಗಿ ಶಿಯಾ ಮೌಲ್ವಿ ಮತ್ತು ಮಹಾಯಾನ ಬೌದ್ಧ ಭಿಕ್ಷು, ಹೀಗೆ ವಿಂಗಡಣೆ. ಪದವಿ ಕಡ್ಡಾಯ. ಅದರ ಮೇಲೆ ಪಂಡಿತರಿಗೆ ಸಂಸ್ಕೃತದಲ್ಲಿ ಶಾಸ್ತ್ರಿ, ಆಚಾರ್ಯದಂಥ ಪದವಿ, ಕರ್ಮಕಾಂಡದ ಓದು ಬೇಕು. ಪಾದ್ರಿ ದೀಕ್ಷೆ ಪಡೆದವರಾಗಿದ್ದು ಸ್ಥಳೀಯ ಬಿಷಪ್ಪರ ಅನುಮೋದಿತ ಪಟ್ಟಿಯಲ್ಲಿ ಇರಬೇಕು. ಆಯ್ಕೆಯಾದವರಿಗೆ ಪುಣೆಯ ರಾಷ್ಟ್ರೀಯ ಏಕತಾ ಸಂಸ್ಥೆಯಲ್ಲಿ ಎಲ್ಲ ಧರ್ಮದವರನ್ನೂ ಒಟ್ಟಿಗೆ ಕೂರಿಸಿ ತರಬೇತಿ. ಆಮೇಲೆ ಪಲ್ಟಣದ ಸರ್ವಧರ್ಮ ಸ್ಥಳವೇ ಇವರ ಕಚೇರಿ. ಹಬ್ಬ, ವಾರದ ಮಂದಿರ್ ಪರೇಡ್, ಹೊಸದಾಗಿ ಸೇರಿದ ಸೈನಿಕರು ಪ್ರಮಾಣ ತೆಗೆದುಕೊಳ್ಳುವ ಕಸಮ್ ಪರೇಡಿಗೆ ಧರ್ಮಗ್ರಂಥ ಹೊತ್ತು ತರುವುದು, ಇವೆಲ್ಲ ಕಣ್ಣಿಗೆ ಕಾಣುವ ಕೆಲಸ. ನೇಮಕಾತಿ ಪ್ರಕಟಣೆಯಲ್ಲಿರುವ ಕರ್ತವ್ಯಗಳು ಇನ್ನೂ ಇವೆ: ಅಂತ್ಯಕ್ರಿಯೆಯಲ್ಲಿ ಭಾಗವಹಿಸುವುದು, ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುವುದು, ಚೇತರಿಸಿಕೊಳ್ಳುತ್ತಿರುವವರ ಜೊತೆ ಪ್ರಾರ್ಥನೆ, ಶಿಕ್ಷೆ ಅನುಭವಿಸುತ್ತಿರುವ ಸೈನಿಕರನ್ನು ಭೇಟಿಯಾಗುವುದು, ಮಕ್ಕಳಿಗೆ ಧರ್ಮಪಾಠ. ಊರಿನ ಗುರುಗಳ ಜೊತೆ ಸಂಪರ್ಕ ಎಂಬ ಸಾಲು ಆ ಪಟ್ಟಿಯಲ್ಲಿ ಇಲ್ಲ. ಆದರೆ ಅಂತ್ಯಕ್ರಿಯೆ ಎಂಬ ಒಂದು ಪದದೊಳಗೆ ಅದು ಅಡಗಿ ಕುಳಿತಿದೆ.

ಹೊರದೇಶದ ಸೇನೆಗಳು ಇದನ್ನು ಬಿಡಿಸಿ ಬರೆದುಕೊಂಡಿವೆ. ಇರಾಕ್, ಅಫ್ಘಾನಿಸ್ತಾನಗಳಲ್ಲಿ ಕೈಸುಟ್ಟುಕೊಂಡ ಮೇಲೆ ಅಮೆರಿಕದ ಸೇನಾ ಧರ್ಮಗುರುಗಳಿಗೆ ಸ್ಥಳೀಯ ಧಾರ್ಮಿಕ ಮುಖಂಡರ ಭೇಟಿ ಒಂದು ವಿಧಿಬದ್ಧ ಕೆಲಸವಾಯಿತು. ಧಾರ್ಮಿಕ ವ್ಯವಹಾರಗಳಿಗೆಂದೇ ಇರುವ ಅವರ 1-05 ಸಂಖ್ಯೆಯ ಕೈಪಿಡಿಯಲ್ಲಿ ಅದಕ್ಕೆ ಜಾಗ ಸಿಕ್ಕಿತು. ಕೆನಡಾ ಸೇನೆಯ ಮೊದಲ ಮುಸ್ಲಿಂ ಧರ್ಮಗುರು ಇಮಾಂ ಸುಲೇಮಾನ್ ದೆಮಿರಾಯ್ ಕಂದಹಾರ್‌ನಲ್ಲಿ ಅಲ್ಲಿನ ಮುಲ್ಲಾಗಳ ಜೊತೆ ಕೂತು ಮಾತಾಡಿದವರು. ಈ ಕೈಪಿಡಿಗಳಲ್ಲಿ ನಮಗೆ ಬೇಕಾದ್ದು ಹೆಚ್ಚೇನಿಲ್ಲ. ಪರದೇಶದಲ್ಲಿ ಯುದ್ಧಕ್ಕೆ ಹೋದವರ ಕಷ್ಟ ಬೇರೆ, ನಮ್ಮದೇ ಹುಡುಗನ ಊರಿಗೆ ಹೋಗುವವರ ಕಷ್ಟ ಬೇರೆ. ಆದರೆ ಒಂದು ನಿಯಮವನ್ನು ಮಾತ್ರ ಹಾಗೇ ಎತ್ತಿಕೊಳ್ಳಬೇಕು. ಧರ್ಮಗುರು ಸೇನಾಧಿಕಾರಿಯ ಅನುಮತಿ ಪಡೆದೇ ಭೇಟಿಗೆ ಹೋಗಬೇಕು, ಆದರೆ ಅಲ್ಲಿಂದ ಗುಪ್ತ ಮಾಹಿತಿ ತರಬಾರದು, ಗುರಿ ಗೊತ್ತುಮಾಡುವ ಕೆಲಸದಲ್ಲಿ ಪಾಲುಗೊಳ್ಳಬಾರದು. 1949ರ ಮೊದಲನೇ ಜಿನೀವಾ ಒಪ್ಪಂದದ 24ನೇ ವಿಧಿ ಸೇನೆಗೆ ಸೇರಿದ ಧರ್ಮಗುರುಗಳನ್ನು ಎಲ್ಲ ಸಂದರ್ಭದಲ್ಲೂ ಗೌರವಿಸಿ ರಕ್ಷಿಸಬೇಕು ಎನ್ನುತ್ತದೆ. ಆ ರಕ್ಷಣೆ ಸಿಗುವುದು ಅವರು ಹೊಡೆದಾಟದ ಕೆಲಸಕ್ಕೆ ಕೈಹಾಕುವುದಿಲ್ಲ ಎಂಬ ಭರವಸೆಯ ಮೇಲೆ.

ಯುದ್ಧವಿಲ್ಲದ ಕೋಲಾರದಲ್ಲಿ ಈ ನಿಯಮ ಯಾಕೆ ಎಂದು ಕೇಳಬಹುದು. ಇಲ್ಲೇ ಹೆಚ್ಚು ಬೇಕು. ಮಸೀದಿಯ ಇಮಾಮರ ಹತ್ತಿರ ಚಹಾ ಕುಡಿಯುತ್ತಾ 'ಈಚೆಗೆ ಹೊಸಬರು ಯಾರಾದರೂ ಬರ್ತಾರಾ' ಎಂದು ಒಂದು ಮಾತು ಬಾಯಿತಪ್ಪಿ ಕೇಳಿದರೂ ಸಾಕು, ಆ ಬಾಗಿಲು ಮುಚ್ಚಿತು. ಪಾಸ್ಟರ್ ಹತ್ತಿರ 'ನಿಮ್ಮಲ್ಲಿ ಹೊಸದಾಗಿ ಎಷ್ಟು ಮನೆ ಸೇರಿದವು' ಎಂದರೂ ಅಷ್ಟೆ. ಅದನ್ನು ಕೇಳುವುದಕ್ಕೆ ಪೊಲೀಸರಿದ್ದಾರೆ, ಬೇರೆ ಇಲಾಖೆಗಳಿವೆ, ಅವರು ಅವರ ದಾರಿ ನೋಡಿಕೊಳ್ಳಲಿ. ಸೇನೆಯ ಪಂಡಿತರ ಬಂಡವಾಳವೆಲ್ಲ ಒಂದೇ: ಈ ಮನುಷ್ಯ ಏನನ್ನೂ ಕೇಳಿಕೊಂಡು ಬರಲಿಲ್ಲ ಎಂದು ಎದುರಿನವರಿಗೆ ಮನವರಿಕೆಯಾಗಿರುವುದು. ಮುಂದೆ ಹೇಳುವ ಕ್ರಮಗಳೆಲ್ಲ ಈ ಬಂಡವಾಳ ಕರಗದ ಹಾಗೆ ನೋಡಿಕೊಳ್ಳಲಿಕ್ಕೇ.

ಯಾರನ್ನು ಕಾಣಬೇಕು ಎಂಬಲ್ಲೇ ಮೊದಲ ತಪ್ಪಾಗುತ್ತದೆ. ಹೊರಗಿನಿಂದ ಬಂದವರಿಗೆ ದೊಡ್ಡ ಹೆಸರುಗಳು ಮಾತ್ರ ಕಾಣುತ್ತವೆ. ತುಮಕೂರು ಎಂದರೆ ಸಿದ್ಧಗಂಗಾ ಮಠ, ಚಿಕ್ಕಬಳ್ಳಾಪುರ ಎಂದರೆ ಆದಿಚುಂಚನಗಿರಿ ಶಾಖಾಮಠ, ಕೈವಾರ ಎಂದರೆ ತಾತಯ್ಯನವರ ಆಶ್ರಮ, ಮುಳಬಾಗಿಲು ಎಂದರೆ ಶ್ರೀಪಾದರಾಜ ಮಠ ಮತ್ತು ಹೈದರ್ ವಲಿ ದರ್ಗಾ. ಅಲ್ಲಿಗೆ ಹೋಗಬಾರದು ಎಂದಲ್ಲ, ಹೋಗಲೇಬೇಕು, ಅದು ಮರ್ಯಾದೆ. ಆದರೆ ಸಿರಾ ಪಕ್ಕದ ಹಳ್ಳಿಯಲ್ಲಿ ರಾತ್ರಿ ಹನ್ನೊಂದಕ್ಕೆ ಫೋನ್ ಎತ್ತಿ 'ಗುಂಡಿ ಎಲ್ಲಿ ತೆಗೀಬೇಕು' ಎಂದು ತೀರ್ಮಾನಿಸುವವರು ಪೀಠಾಧಿಪತಿಗಳಲ್ಲ. ಆ ಊರಿನ ಐನೋರು, ದಾಸಯ್ಯ, ಕುಲದ ಯಜಮಾನ, ಜಮಾತಿನ ಕಾರ್ಯದರ್ಶಿ, ಚರ್ಚಿನ ರಿಜಿಸ್ಟರ್ ಇಟ್ಟುಕೊಂಡಿರುವ ಮೇಷ್ಟ್ರು.

ಮಸೀದಿಯಲ್ಲಿ ಇಮಾಮರು ನಮಾಜ್ ಮಾಡಿಸುತ್ತಾರೆ. ಆದರೆ ಆಸ್ತಿ, ಖಬರಸ್ತಾನ, ಬೀಗದ ಕೈ ಎಲ್ಲ ಮುತವಲ್ಲಿ ಅಥವಾ ಜಮಾತ್ ಕಮಿಟಿ ಅಧ್ಯಕ್ಷರದ್ದು. ಇಮಾಮರು ಎಷ್ಟೋ ಕಡೆ ಬಿಹಾರದಿಂದಲೋ ಉತ್ತರ ಪ್ರದೇಶದಿಂದಲೋ ಬಂದ ಸಂಬಳದ ಜನ, ಎರಡು ವರ್ಷದಲ್ಲಿ ಬದಲಾಗುತ್ತಾರೆ. ಇಮಾಮರನ್ನಷ್ಟೇ ಕಂಡು ಬಂದರೆ ಅಧ್ಯಕ್ಷರಿಗೆ ಮುನಿಸು, ಅಧ್ಯಕ್ಷರನ್ನಷ್ಟೇ ಕಂಡರೆ ಅದು ರಾಜಕೀಯ ಭೇಟಿಯಂತೆ ಕಾಣುತ್ತದೆ. ಇಬ್ಬರನ್ನೂ ಒಂದೇ ಹೊತ್ತಿಗೆ, ಕಮಿಟಿ ಕೋಣೆಯಲ್ಲಿ ಕಾಣುವುದು ಕ್ಷೇಮ. ಮುಜರಾಯಿ ದೇವಸ್ಥಾನದಲ್ಲೂ ಇದೇ ಕತೆ: ಅರ್ಚಕರು ಒಬ್ಬರು, ವ್ಯವಸ್ಥಾಪನಾ ಸಮಿತಿ ಇನ್ನೊಂದು, ಅದರ ಅವಧಿ ಮೂರು ವರ್ಷ, ಮೇಲೆ ತಹಶೀಲ್ದಾರರು. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲ ದರ್ಗಾದಂಥ ಕಡೆ ಹಿಂದೂಗಳೂ ಮುಸ್ಲಿಮರೂ ಹರಕೆ ಹೊತ್ತು ಬರುತ್ತಾರೆ, ಅಲ್ಲಿಗೆ ಪಂಡಿತರು ಮತ್ತು ಮೌಲ್ವಿ ಜೊತೆಯಾಗಿ ಹೋದರೆ ಯಾರೂ ಹುಬ್ಬೇರಿಸುವುದಿಲ್ಲ. ಎಲ್ಲ ಕಡೆ ಹಾಗಲ್ಲ.

ಕೆಜಿಎಫ್ ಬೇರೆಯೇ ಲೋಕ. ತಮಿಳು ಮಾತಾಡುವ ಕ್ಯಾಥೊಲಿಕ್, ಸಿಎಸ್‌ಐ, ಮೆಥಡಿಸ್ಟ್ ಸಭೆಗಳು, ಗಣಿ ಕಾರ್ಮಿಕರ ಲೈನ್ ಮನೆಗಳ ನಡುವಿನ ಚಿಕ್ಕಪುಟ್ಟ ಪೆಂಟೆಕೊಸ್ಟಲ್ ಪ್ರಾರ್ಥನಾ ಮನೆಗಳು, ಇಪ್ಪತ್ತನೇ ಶತಮಾನದ ಆರಂಭದಿಂದಲೇ ಮಾರಿಕುಪ್ಪಂ ಕಡೆ ನೆಲೆಯೂರಿದ ತಮಿಳು ಬೌದ್ಧ ಪರಂಪರೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಮಕ್ಕಳು ಬೆಂಗಳೂರಿನ ರೈಲು ಹಿಡಿದರು, ಎಷ್ಟೋ ಹೆಸರು ಚರ್ಚ್ ರಿಜಿಸ್ಟರಿನಲ್ಲಿ ಹಾಗೇ ಉಳಿದವು, ಚಂದಾ ನಿಂತಿತು. ಸೈನಿಕ ಸತ್ತಾಗ ಸಮಾಧಿ ಜಾಗದ ಪ್ರಶ್ನೆ ಎದ್ದರೆ ಅದು ಈ ರಿಜಿಸ್ಟರಿಗೆ ಬಂದು ನಿಲ್ಲುತ್ತದೆ. ಪ್ರಾರ್ಥನಾ ಮನೆಗೆ ಹೋಗುತ್ತಿದ್ದ ಕುಟುಂಬಕ್ಕೆ ಅದರದೇ ಸ್ಮಶಾನ ಇರುವುದಿಲ್ಲ, ಅಜ್ಜನ ಕಾಲದ ಚರ್ಚಿನ ಫಾದರ್ ಒಪ್ಪಬೇಕು. ಪಾದ್ರಿ ಆ ಫಾದರನ್ನು ಮೊದಲೇ ಕಂಡಿದ್ದರೆ ಅದು ಐದು ನಿಮಿಷದ ಫೋನ್. ಕಂಡಿರದಿದ್ದರೆ ಶವ ಹೊಸ್ತಿಲಲ್ಲಿಟ್ಟುಕೊಂಡು ಪಂಚಾಯಿತಿ.

ಹೋಗುವ ಮುಂಚೆ ಆ ಜಾಗದ ನೆನಪೂ ಗೊತ್ತಿರಬೇಕು. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಜನ ಹೋಗುವುದು ಅಶ್ವತ್ಥಕಟ್ಟೆಗೆ, ನಾಗರಕಲ್ಲಿಗೆ. ಅದೇ ಜಾಗದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಹಾರಿಸಲು ಸೇರಿದ್ದವರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದ್ದರು. ಅಲ್ಲಿ ಸಮವಸ್ತ್ರದವರು ಮೂರು ಸುತ್ತು ಗಾಳಿಯಲ್ಲಿ ಹಾರಿಸುವ ಗೌರವ ಕಾರ್ಯಕ್ರಮ ಇಟ್ಟುಕೊಳ್ಳುವ ಮುಂಚೆ ಊರಿನ ಹಿರಿಯರನ್ನು ಒಂದು ಮಾತು ಕೇಳಬೇಕು ಎಂಬುದು ಯಾವ ಕೈಪಿಡಿಯಲ್ಲೂ ಇರುವುದಿಲ್ಲ.

ಇನ್ನು ಮೊದಲ ಭೇಟಿ. ನೇರ ಫೋನ್ ಮಾಡುವುದಕ್ಕಿಂತ ತಾಲ್ಲೂಕಿನ ಮಾಜಿ ಸೈನಿಕರ ಸಂಘದ ಒಬ್ಬರ ಮೂಲಕ ಹೋಗುವುದು ವಾಸಿ. ಅವರಿಗೆ ಸೇನೆಯ ಭಾಷೆಯೂ ಗೊತ್ತು, ಊರಿನ ಭಾಷೆಯೂ ಗೊತ್ತು. ಈ ಎರಡನೆಯದು ಸಣ್ಣ ಮಾತಲ್ಲ. ಪಂಡಿತರು ಹಿಂದಿಯವರಾಗಿರುತ್ತಾರೆ, ಬಾಗೇಪಲ್ಲಿ, ಶ್ರೀನಿವಾಸಪುರದ ಕಡೆ ಹಿರಿಯರು ತೆಲುಗು ಬೆರೆಸಿದ ಕನ್ನಡದವರು. ಮೌಲ್ವಿಗೆ ಮಾತ್ರ ದಖ್ಖನಿ ಉರ್ದು ಅರ್ಧ ದಾರಿ ಮಾಡಿಕೊಡುತ್ತದೆ. ಮಾಜಿ ಸೈನಿಕರನ್ನು ಆರಿಸುವಾಗ ಒಂದು ಎಚ್ಚರ: ಪಕ್ಷದಲ್ಲಿ ಪದಾಧಿಕಾರಿ ಆಗಿರುವವರು ಬೇಡ, ಊರಿನ ಎರಡು ಬಣಗಳಲ್ಲಿ ಒಂದಕ್ಕೆ ಅಂಟಿಕೊಂಡವರೂ ಬೇಡ. ಯಾರ ಜೊತೆ ಬಂದರು ಎಂಬುದನ್ನೇ ಜನ ಮೊದಲು ನೋಡುವುದು.

ವಾಹನ ಒಂದೇ ಇರಲಿ, ಆಯುಧ ಹಿಡಿದವರು ಯಾರೂ ಬೇಡ. ಸೇನೆಯ ದೊಡ್ಡ ಲಾರಿ ಮಸೀದಿ ಬಾಗಿಲಲ್ಲಿ ನಿಂತರೆ ಅರ್ಧ ಗಂಟೆಯಲ್ಲಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಏನೇನೋ ಓಡಾಡುತ್ತದೆ. ಧಾರ್ಮಿಕ ಶಿಕ್ಷಕರು ತಮ್ಮ ಧರ್ಮದ ಉಡುಪಿನಲ್ಲೇ ಬರುವುದು ಸರಿ. ಬಿಚ್ಚಲು ಸುಲಭವಾದ ಚಪ್ಪಲಿ ಹಾಕಿಕೊಂಡು ಬರಲಿ. ಲೇಸಿನ ಬೂಟು ಬಿಚ್ಚುತ್ತಾ ಹೊಸ್ತಿಲಲ್ಲಿ ಕೂತರೆ ಎದುರಿನ ಹಿರಿಯರು ನಿಂತೇ ಕಾಯಬೇಕಾಗುತ್ತದೆ. ಚರ್ಮದ ಬೆಲ್ಟಿನ ವಿಚಾರ ಕೆಲವು ಮಠ, ಬಸದಿಗಳಲ್ಲಿ ಕಟ್ಟುನಿಟ್ಟು, ತುಮಕೂರು ಹತ್ತಿರದ ಮಂದಾರಗಿರಿಗೆ ಹೋಗುವಾಗ ನೆನಪಿರಲಿ. ಹೊತ್ತು ಆರಿಸುವುದೂ ಒಂದು ಲೆಕ್ಕ. ಶುಕ್ರವಾರ ಜುಮಾಕ್ಕೆ ಮುಂಚೆ, ಭಾನುವಾರ ಬೆಳಿಗ್ಗೆ ಚರ್ಚಿಗೆ, ಶ್ರಾವಣ ಶನಿವಾರ ಆಂಜನೇಯನ ಗುಡಿಗೆ, ಮಧ್ಯಾಹ್ನದ ನೈವೇದ್ಯದ ಹೊತ್ತಿಗೆ ಎಲ್ಲೂ ಹೋಗಬಾರದು. ಮಂಗಳವಾರ ಬುಧವಾರದ ಸಂಜೆ ನಾಲ್ಕರಿಂದ ಐದು, ಅಸರ್ ನಮಾಜಿನ ಹೊತ್ತು ತಿಳಿದುಕೊಂಡು ಹೋದರೆ ಎಲ್ಲರಿಗೂ ಅನುಕೂಲ. ಇಪ್ಪತ್ತು ಇಪ್ಪತ್ತೈದು ನಿಮಿಷ ಸಾಕು. ಎದುರಿನವರು ಇನ್ನೂ ಕೂತಿರಿ ಅನ್ನುವಾಗಲೇ ಎದ್ದರೆ ಮುಂದಿನ ಸಲ ಬರಲು ಕಾರಣ ಉಳಿಯುತ್ತದೆ.

ಕೈಯಲ್ಲಿ ಹಣ್ಣು, ಮಠವಾದರೆ ಹಣ್ಣಿನ ಜೊತೆ ಹೂವು. ದುಡ್ಡು ಬೇಡವೇ ಬೇಡ. ಹುಂಡಿಗೆ ಹತ್ತು ರೂಪಾಯಿ ಹಾಕುವುದು ಭಕ್ತಿಯ ಮಾತು, ಕವರ್ ಕೊಡುವುದು ವ್ಯವಹಾರದ ಮಾತು. ಹಾಗೆಯೇ ಪಲ್ಟಣದ ಮಂದಿರಕ್ಕೆ ಗಂಟೆಯೋ ಮೈಕೋ ಊರಿನ ದಾನಿಗಳಿಂದ ಪಡೆಯುವುದೂ ಬೇಡ. ಗಂಟೆ ಕೊಟ್ಟ ಕಂಟ್ರಾಕ್ಟರ್ ಆರು ತಿಂಗಳಲ್ಲಿ ಸೇನೆಯ ಕ್ಯಾಂಟೀನ್ ಕಾರ್ಡ್ ಕೇಳಿಕೊಂಡು ಬರುತ್ತಾನೆ. ಮಠದಲ್ಲಿ ಪ್ರಸಾದಕ್ಕೆ ಕೂರಿಸಿದರೆ ಕೂರಬೇಕು, ಇಮಾಮರು ಚಹಾ ತರಿಸಿದರೆ ಕುಡಿಯಬೇಕು. 'ಡ್ಯೂಟಿಯಲ್ಲಿದ್ದೇನೆ' ಎಂದು ಬೇಡ ಅನ್ನುವುದು ನಮ್ಮ ಕಡೆ ಅವಮಾನ. ಎಂಜಲು ಮಡಿಯ ವಿಚಾರ ಇರುವ ಪಂಡಿತರು ಈ ಕೆಲಸಕ್ಕೆ ಆಗಿಬರುವುದಿಲ್ಲ, ದಲಿತ ಕೇರಿಯ ಗುಡಿಯ ಪೂಜಾರಿ ಕೊಟ್ಟ ನೀರು ಕುಡಿಯಲು ಹಿಂಜರಿಯುವವರಂತೂ ಹೊರಡುವುದೇ ಬೇಡ. ಕೋಲಾರದಂಥ ಜಿಲ್ಲೆಯಲ್ಲಿ ಅರ್ಧ ಊರು ಇದೊಂದನ್ನೇ ನೋಡಿ ತೀರ್ಪು ಕೊಡುತ್ತದೆ, ಕೊಡುವುದೂ ನ್ಯಾಯವೇ.

ಮಾತು ಏನು? ನಮ್ಮ ಪಲ್ಟಣದಲ್ಲಿ ನಿಮ್ಮ ಕಡೆಯ ಹುಡುಗರಿದ್ದಾರೆ, ಕಷ್ಟ ಸುಖದಲ್ಲಿ ನಿಮ್ಮ ಪದ್ಧತಿ ಹೇಗೆ ಎಂದು ತಿಳಿದುಕೊಳ್ಳಲು ಬಂದೆ, ಇಷ್ಟೇ. ಉಳಿದದ್ದು ಕೇಳಿಸಿಕೊಳ್ಳುವುದು. ಸಾಮಾನ್ಯವಾಗಿ ಎದುರಿನವರೇ ಎರಡು ದೂರು ಹೇಳುತ್ತಾರೆ: ರಜೆ ಸಿಗದೆ ಹುಡುಗ ಜಾತ್ರೆಗೆ ಬರಲಿಲ್ಲ, ಮಾಜಿ ಸೈನಿಕನ ಹೆಂಡತಿಯ ಪಿಂಚಣಿ ಕಾಗದ ಎಲ್ಲೋ ಸಿಕ್ಕಿಕೊಂಡಿದೆ. ರಜೆಯ ಬಗ್ಗೆ ಮಾತು ಕೊಡಬಾರದು, ಅದು ಧಾರ್ಮಿಕ ಶಿಕ್ಷಕರ ಕೈಯಲ್ಲಿಲ್ಲ. ಪಿಂಚಣಿ ಕಾಗದದ ವಿವರ ಬರೆದುಕೊಂಡು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಗೆ ದಾಟಿಸಿ, ಹದಿನೈದು ದಿನದೊಳಗೆ 'ಇಷ್ಟಾಗಿದೆ' ಅಥವಾ 'ಇನ್ನೂ ಆಗಿಲ್ಲ' ಎಂದು ತಾವೇ ಫೋನ್ ಮಾಡಿ ಹೇಳಬೇಕು. ಎರಡನೇ ಭೇಟಿಗಿಂತ ಈ ಫೋನಿಗೆ ಬೆಲೆ ಹೆಚ್ಚು.

ವಾಪಸ್ ಬಂದು ಅಧಿಕಾರಿಗೆ ಬರೆದುಕೊಡುವ ವರದಿ ಒಂದು ಪುಟ ಮೀರಬಾರದು. ಯಾರನ್ನು ಕಂಡದ್ದು, ಅವರ ಸ್ಥಾನ, ಯಾವ ಭಾಷೆ, ಹಬ್ಬ ಜಾತ್ರೆ ಉರುಸ್ ದಿನಗಳು, ಆ ಸಮುದಾಯದಲ್ಲಿ ಹೂಳುವರೋ ಸುಡುವರೋ, ಸ್ಮಶಾನ ಎಲ್ಲಿದೆ, ಅಲ್ಲಿಗೆ ಆಂಬುಲೆನ್ಸ್ ಹೋಗುತ್ತದೆಯೋ ಇಲ್ಲವೋ. ಯಾವ ಪಕ್ಷದ ಕಡೆ ಒಲವು, ಯಾರು ಬಂದು ಹೋಗುತ್ತಾರೆ, ಮಠದಲ್ಲಿ ಯಾರಿಗೆ ಯಾರನ್ನು ಕಂಡರೆ ಆಗುವುದಿಲ್ಲ, ಇವನ್ನು ಬರೆಯಬಾರದು. ಒಂದು ಅಳತೆಗೋಲು ಇಟ್ಟುಕೊಳ್ಳಬಹುದು: ಆ ಪುಟ ಅದೇ ಇಮಾಮರ, ಅದೇ ಐನೋರ ಕೈಗೆ ಸಿಕ್ಕರೆ ಅವರು ಓದಿ ಸುಮ್ಮನೆ ತಲೆಯಾಡಿಸುವ ಹಾಗಿರಬೇಕು.

ಈಗ ಸಾವಿನ ದಿನಕ್ಕೆ ಬರೋಣ. ಕಾಶ್ಮೀರದಿಂದಲೋ ಈಶಾನ್ಯದಿಂದಲೋ ದೇಹ ವಿಮಾನದಲ್ಲಿ ಬೆಂಗಳೂರಿಗೆ ಬರುತ್ತದೆ. ಊರು ತಲುಪುವ ಹಿಂದಿನ ದಿನವೇ ಧಾರ್ಮಿಕ ಶಿಕ್ಷಕರು ನಾಲ್ಕು ಫೋನ್ ಮಾಡಿ ಮುಗಿಸಿರಬೇಕು. ಮೊದಲನೆಯದು ಕುಟುಂಬದ ಹಿರಿಯರಿಗೆ, ಮಾಜಿ ಸೈನಿಕರ ಮೂಲಕ: ಕ್ರಿಯೆ ಯಾರು ಮಾಡಿಸುತ್ತಾರೆ? ಎರಡನೆಯದು ಆ ಮಾಡಿಸುವವರಿಗೆ: ದೇಹದ ಸ್ಥಿತಿ ಹೀಗಿದೆ, ಪೆಟ್ಟಿಗೆ ತೆರೆಯಬಹುದು ಅಥವಾ ತೆರೆಯಲಾಗದು. ಮೂರನೆಯದು ತಹಶೀಲ್ದಾರ್ ಕಚೇರಿಗೆ: ಜಾಗ ಯಾವುದು, ಸ್ವಂತ ಜಮೀನೋ ಸ್ಮಶಾನವೋ, ತಕರಾರು ಇದೆಯೋ. ನಾಲ್ಕನೆಯದು ತುಕಡಿಯ ಅಧಿಕಾರಿಗೆ: ಸೇನಾ ಗೌರವ ಎಷ್ಟು ಹೊತ್ತಿಗೆ, ಎಲ್ಲಿ, ಅದು ಮುಗಿದ ಮೇಲೆ ಯಾರ ಕೈಗೆ ಒಪ್ಪಿಸುವುದು. ಇವುಗಳಲ್ಲಿ ಎರಡನೆಯದನ್ನೇ ಎಲ್ಲರೂ ಬಿಡುವುದು, ಕೆಡುವುದೂ ಅಲ್ಲೇ.

ತುಮಕೂರು ಕಡೆಯ ವೀರಶೈವ ಲಿಂಗಾಯತರ ಮನೆಯನ್ನು ತೆಗೆದುಕೊಳ್ಳಿ. ಪದ್ಧತಿಯಂತೆ ದೇಹವನ್ನು ಕೂರಿಸಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟು, ವಿಭೂತಿ ಬಿಲ್ವಪತ್ರೆಗಳೊಂದಿಗೆ ಕ್ರಿಯಾ ಸಮಾಧಿ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರಿಗೆ 2019ರ ಜನವರಿ 22ರಂದು ಸರ್ಕಾರಿ ಗೌರವವೂ ಮಠದ ಕ್ರಿಯಾವಿಧಿಯೂ ಒಂದೇ ದಿನ ನಡೆದದ್ದನ್ನು ನಾಡೆಲ್ಲ ಟಿವಿಯಲ್ಲಿ ಕಂಡಿದೆ. ಕುಶಾಲುತೋಪಿಗೆ ಅದರ ಜಾಗ, ಕ್ರಿಯೆಗೆ ಅದರ ಜಾಗ. ಸೈನಿಕನ ವಿಷಯದಲ್ಲಿ ತೊಡಕು ಬೇರೆ. ದೇಹಕ್ಕೆ ಎಂಬಾಮಿಂಗ್ ಆಗಿರುತ್ತದೆ, ಉದ್ದಕ್ಕೆ ಮಲಗಿಸಿ ಪೆಟ್ಟಿಗೆಯಲ್ಲಿಟ್ಟಿರುತ್ತಾರೆ. ಸತ್ತ ಮೇಲೆ ಸಹಜವಾಗಿ ಬರುವ ಸೆಡೆತ ಒಂದೆರಡು ದಿನದಲ್ಲಿ ಬಿಡುತ್ತದೆ, ಫಾರ್ಮಲಿನ್ ಹಿಡಿದ ಮಾಂಸಖಂಡ ಬಿಡುವುದಿಲ್ಲ. ಮಂಡಿ ಮಡಿಸಲು ಆಗುವುದಿಲ್ಲ, ಬಲವಂತ ಮಾಡಬಾರದು. ಇದು ಗೊತ್ತಿಲ್ಲದ ಐನೋರು ಕೂರಿಸುವ ಅಳತೆಗೆ ಗುಂಡಿ ತೆಗೆಸಿರುತ್ತಾರೆ, ಆರಡಿ ಪೆಟ್ಟಿಗೆ ಅದರಲ್ಲಿ ಇಳಿಯುವುದಿಲ್ಲ. ಜನ ನೋಡುತ್ತಿರುವಾಗ ಗುದ್ದಲಿ ತರಿಸಿ ಅಗಲ ಮಾಡುವ ಸಂಕಟ ತಾಯಿಗೆ ಬೇಡ. ಹಿಂದಿನ ರಾತ್ರಿಯೇ 'ಐನೋರೇ, ದೇಹ ಕೂರಿಸಕ್ಕೆ ಬರಲ್ಲ, ಏನು ಮಾಡೋಣ ಹೇಳಿ' ಎಂದರೆ ಅವರೇ ದಾರಿ ಹೇಳುತ್ತಾರೆ. ಮಲಗಿಸಿಯೇ ಲಿಂಗ ಕೊಟ್ಟು ಮುಗಿಸಲು ಒಪ್ಪುವವರಿದ್ದಾರೆ. ಆದರೆ ಆ ಮಾತು ಅವರ ಬಾಯಿಂದ ಬರಬೇಕು, ಸೇನೆಯ ಪಂಡಿತರ ಬಾಯಿಂದಲ್ಲ.

ಒಕ್ಕಲಿಗರ, ಮತ್ತೆ ಎಷ್ಟೋ ಕುಲಗಳ ಮನೆಗಳಲ್ಲಿ ದಾಸಯ್ಯನೇ ದೊಡ್ಡವನು. ಸಂಸ್ಕೃತದಲ್ಲಿ ಆಚಾರ್ಯ ಮಾಡಿದ ಪಂಡಿತರು ಅಲ್ಲಿ ಪುಸ್ತಕ ತೆಗೆದು ಮಂತ್ರ ಶುರುಮಾಡಿದರೆ ಯಾರೂ ತಡೆಯುವುದಿಲ್ಲ, ಸಮವಸ್ತ್ರದ ಕಡೆಯವರಲ್ಲವೇ. ದಾಸಯ್ಯ ಶಂಖ ಕಂಕುಳಲ್ಲಿಟ್ಟುಕೊಂಡು ಹಿಂದೆ ಸರಿಯುತ್ತಾನೆ. ಹನ್ನೊಂದನೇ ದಿನ ಮನೆಯವರು ಇಡೀ ಕ್ರಿಯೆ ಮತ್ತೆ ಮಾಡಿಸುತ್ತಾರೆ, ಯಾಕೆಂದರೆ ಅವರ ಲೆಕ್ಕದಲ್ಲಿ ಅದು ಆಗಿರಲೇ ಇಲ್ಲ. ಪಂಡಿತರಿಗೆ ಅಲ್ಲಿರುವ ಕೆಲಸ ದಾಸಯ್ಯನ ಪಕ್ಕ ನಿಲ್ಲುವುದು, ಸೇನೆಯ ಪರವಾಗಿ ಒಂದು ಹಿಡಿ ಮಣ್ಣೋ ಅಕ್ಕಿಯೋ ಹಾಕುವುದು.

ಮುಸ್ಲಿಂ ಸೈನಿಕನಾದರೆ ಇನ್ನೂ ಸೂಕ್ಷ್ಮ. ಹನಫಿ ಪದ್ಧತಿಯಲ್ಲಿ ರಣರಂಗದ ಶಹೀದನಿಗೆ ಗುಸಲ್, ಅಂದರೆ ಶವಸ್ನಾನ, ಇಲ್ಲ, ಉಟ್ಟ ಬಟ್ಟೆಯಲ್ಲೇ ದಫನ್, ಜನಾಜಾ ನಮಾಜ್ ಉಂಟು. ಶಾಫಿಗಳಲ್ಲಿ ನಮಾಜೂ ಇಲ್ಲ. ಆದರೆ ಹಿಮಪಾತದಲ್ಲೋ ಲಾರಿ ಅಪಘಾತದಲ್ಲೋ ತೀರಿಕೊಂಡವನು ಆ ವರ್ಗಕ್ಕೆ ಸೇರುತ್ತಾನೋ ಇಲ್ಲವೋ? ಅದನ್ನು ಹೇಳಬೇಕಾದವರು ಊರಿನ ಆಲಿಮರು, ಪಲ್ಟಣದ ಮೌಲ್ವಿ ಅಲ್ಲ. ಆಸ್ಪತ್ರೆಯಲ್ಲಿ ಆಗಲೇ ತೊಳೆದು ಬಟ್ಟೆ ಬದಲಿಸಿದ್ದರೆ ಅದನ್ನೂ ಮುಚ್ಚಿಡದೆ ಹೇಳಬೇಕು. ಕಬರಿನಲ್ಲಿ ಮುಖ ಕಿಬ್ಲಾದ, ಅಂದರೆ ಮೆಕ್ಕಾದ ಕಾಬಾದ, ಕಡೆಗೆ, ನಮ್ಮಲ್ಲಿಂದ ಪಶ್ಚಿಮಕ್ಕೆ ಕೊಂಚ ವಾಯವ್ಯ, ಬಲಮಗ್ಗುಲಿಗೆ. ಪೆಟ್ಟಿಗೆ ಸಮೇತ ಇಡಬೇಕಾದ ಸ್ಥಿತಿಯಿದ್ದರೆ ಒಳಗೆ ದೇಹದ ತಲೆ ಯಾವ ಕಡೆ ಎಂದು ಪೆಟ್ಟಿಗೆಯ ಮೇಲೆ ಗುರುತು ಇರಲೇಬೇಕು. ಬ್ಯೂಗಲ್ ಮತ್ತು ಮೂರು ಸುತ್ತಿನ ಗುಂಡನ್ನು ಶಾಲೆ ಮೈದಾನದಲ್ಲೋ ಮನೆ ಮುಂದಿನ ಬಯಲಲ್ಲೋ ಮೊದಲೇ ಮುಗಿಸಿ, ಧ್ವಜ ತೆಗೆದು, ಆಮೇಲೆ ಜನಾಜಾ ಎತ್ತಿದರೆ ಖಬರಸ್ತಾನದ ಒಳಗೆ ತಕರಾರಿಗೆ ಜಾಗವಿಲ್ಲ. ಅಜಾನ್ ಹೊತ್ತು ಗಡಿಯಾರದಲ್ಲಿ ನೋಡಿ ಗೊತ್ತುಮಾಡದಿದ್ದರೆ ಬ್ಯೂಗಲ್ಲೂ ಅಜಾನೂ ಒಂದರ ಮೇಲೊಂದು ಬೀಳುತ್ತವೆ.

ಧ್ವಜದ ನಿಯಮ ಎಲ್ಲರಿಗೂ ಒಂದೇ. ಕೇಸರಿ ಪಟ್ಟಿ ತಲೆಯ ಕಡೆ. ಗುಂಡಿಗೆ ಇಳಿಸುವಂತಿಲ್ಲ, ಚಿತೆಯಲ್ಲಿ ಸುಡುವಂತಿಲ್ಲ. ಭಾವುಕರಾದ ಸಂಬಂಧಿಕರು 'ಅವನ ಜೊತೆಗೇ ಹೋಗಲಿ' ಎಂದು ಹಿಡಿದುಕೊಳ್ಳುವುದುಂಟು. ಆಗ ಜವಾನ ಕೈಯಿಂದ ಎಳೆದರೆ ಕೆಟ್ಟ ದೃಶ್ಯ, ಐನೋರೋ ಹಜರತರೋ ಒಂದು ಮಾತು ಹೇಳಿದರೆ ಬಿಡುತ್ತಾರೆ. ಆ ಒಂದು ಮಾತನ್ನು ಅವರು ಯಾಕೆ ಹೇಳಬೇಕು, ಗುರುತೇ ಇಲ್ಲದ ಸೇನೆಯವರಿಗಾಗಿ?

ಒಂದು ವಿಷಯದಲ್ಲಿ ಮಾತ್ರ ಸೇನೆಯವರು ಸುಮ್ಮನಿರಬಾರದು ಅನಿಸುತ್ತದೆ. ಇಪ್ಪತ್ತೈದರ ಹೆಣ್ಣುಮಗಳ ಬಳೆ ಒಡೆಸಿ, ಕುಂಕುಮ ಅಳಿಸುವ ಶಾಸ್ತ್ರವನ್ನು ಕ್ಯಾಮೆರಾಗಳ ಎದುರು ಮಾಡಿಸುವ ಮನೆಗಳು ಇನ್ನೂ ಇವೆ. ಅವತ್ತು ಅದನ್ನು ತಡೆಯಲು ಹೋದರೆ ಜಗಳ. ಮುಂಚೆ ಪರಿಚಯವಿರುವ ಸ್ವಾಮೀಜಿಗೆ 'ಬುದ್ಧಿ, ಇದೊಂದು ತಪ್ಪಿಸಿಕೊಡಿ' ಎಂದು ಹಿಂದಿನ ದಿನ ಹೇಳಿದರೆ ಅವರು ಮನೆಯ ಹೆಂಗಸರಿಗೆ ಒಂದು ಮಾತು ಕಳಿಸಿಯಾರು. ಕೇಳುತ್ತಾರೆ ಎಂಬ ಖಾತರಿಯಿಲ್ಲ. ಕೇಳಿ ನೋಡುವುದರಲ್ಲಿ ತಪ್ಪಿಲ್ಲ.

ಹನ್ನೊಂದನೇ ದಿನ, ಮುಸ್ಲಿಮರಾದರೆ ನಲವತ್ತನೇ ದಿನದ ಫಾತೆಹಾ, ಕ್ರೈಸ್ತರಾದರೆ ನೆನಪಿನ ಪ್ರಾರ್ಥನೆ. ಅಂದು ಮತ್ತೆ ಹೋಗಬೇಕು. ಕ್ಯಾಮೆರಾ ಇಲ್ಲದ, ಹಾರ ಇಲ್ಲದ ದಿನ ಅದು. ಮನೆಯವರಿಗಿಂತ ಹೆಚ್ಚಾಗಿ ಊರಿನ ಗುರುಗಳು ಇದನ್ನು ಗಮನಿಸುತ್ತಾರೆ. ಬ್ಯಾಂಕ್ ನಾಮಿನಿ, ತಾಯಿಗೆಷ್ಟು ಹೆಂಡತಿಗೆಷ್ಟು ಎಂಬ ಮಾತು ಮನೆಯಲ್ಲಿ ಏಳುವುದೂ ಆ ಹೊತ್ತಿಗೇ. ಅದರಲ್ಲಿ ಧಾರ್ಮಿಕ ಶಿಕ್ಷಕರು ತೀರ್ಪು ಕೊಡಬಾರದು, ಕಚೇರಿಯ ದಾರಿ ತೋರಿಸಬಹುದು.

ಚುನಾವಣೆ ಘೋಷಣೆಯಾದ ಮೇಲೆ ಯಾವ ವೇದಿಕೆಯನ್ನೂ ಹತ್ತಬಾರದು, ಅದು ಧರ್ಮಸಭೆಯಾದರೂ ಸರಿ. ಭೇಟಿಯ ಫೋಟೊ ಗುಂಪುಗಳಲ್ಲಿ ಹಾಕಬಾರದು. ಒಂದು ಮಠದ ಫೋಟೊ ಓಡಾಡಿದರೆ ಇನ್ನೊಂದು ಮಠದವರು ದಿನ ಎಣಿಸುತ್ತಾರೆ.

ಇಷ್ಟೆಲ್ಲ ಕಟ್ಟಿದ್ದು ಬಿದ್ದುಹೋಗುವುದು ವರ್ಗಾವಣೆಯಲ್ಲಿ. ಪಲ್ಟಣ ಎರಡು ಮೂರು ವರ್ಷಕ್ಕೆ ಜಾಗ ಬದಲಿಸುತ್ತದೆ, ಪಂಡಿತರು ಹೋಗುತ್ತಾರೆ, ಪರಿಚಯವೂ ಅವರ ಫೋನಿನ ಜೊತೆ ಹೋಗುತ್ತದೆ. ಹೊಸಬರಿಗೆ ಒಂದು ಪುಟದ ಪಟ್ಟಿ ಕೊಟ್ಟರೆ ಸಾಲದು, ಹಳಬರು ಅವರನ್ನು ಕರೆದುಕೊಂಡು ಮುಖ್ಯವಾದ ಐದಾರು ಕಡೆ ಹೋಗಬೇಕು. ಹಾಗೆ ಹೋದಾಗ ಹಳಬರು ಕಡಿಮೆ ಮಾತಾಡಲಿ. ತಿಂಗಳೊಳಗೆ ಹೊಸಬರು ಒಬ್ಬರೇ ಇನ್ನೊಮ್ಮೆ ಹೋಗಲಿ. ಪಟ್ಟಿಯನ್ನು ವರ್ಷಕ್ಕೆ ಎರಡು ಸಲ ತಿದ್ದಬೇಕು, ಯುಗಾದಿಗೆ ಮುಂಚೆ ಒಮ್ಮೆ, ರಂಜಾನ್ ಶುರುವಾಗುವ ಮುಂಚೆ ಒಮ್ಮೆ. ಸಮಿತಿ ಬದಲಾಗಿರುತ್ತದೆ, ಇಮಾಮರು ಊರು ಬಿಟ್ಟಿರುತ್ತಾರೆ, ಫಾದರ್ ಬೇರೆ ಚರ್ಚಿಗೆ ಹೋಗಿರುತ್ತಾರೆ, ದಾಸಯ್ಯನ ಮಗ ಬೆಂಗಳೂರಿನಲ್ಲಿ ಆಟೊ ಓಡಿಸುತ್ತಿರುತ್ತಾನೆ, ಈಗ ಪಕ್ಕದೂರಿನ ದಾಸಯ್ಯನೇ ಎರಡೂ ಊರಿಗೆ. ಅವನ ನಂಬರ್ ಬರೆದುಕೊಳ್ಳುವಾಗ ಪಕ್ಕದ ಅಂಗಡಿಯ ನಂಬರನ್ನೂ ಬರೆದುಕೊಳ್ಳಬೇಕು, ಅವನ ಫೋನಿಗೆ ಕರೆನ್ಸಿ ಇರುವುದು ಅಪರೂಪ.